ಬಿಚ್ಚಣ್ಣನಿಗೆ ಬಿಚ್ಚದ ಬಳೆ

ನನ್ನ ಅಣ್ಣನನ್ನು ಬೀದಿಯವರೆಲ್ಲ ಕರೆಯುವುದು ಬಿಚ್ಚಣ್ಣ ಅಂತ. ಯಾರು ಯಾವ ಸೈಕಲ್ ತಂದು ನಿಲ್ಲಿಸಿದರೂ, ಏನಾಗಿದೆ ಎಂದು ಅವರು ಹೇಳಿ ಮುಗಿಸುವ ಮೊದಲೇ ಅವನ ಬಾಯಿಂದ ಬರುವ ಮಾತು ಒಂದೇ: "ಬಿಚ್ಚಿ ನೋಡೋಣ." ಗಾಳಿ ಕಮ್ಮಿಯಾಗಿದೆ ಅಂತ ಬಂದವರಿಗೂ ಅದೇ ಮಾತು. ಮನಸ್ಸು ಬಿಚ್ಚುವ ವಿಷಯದಲ್ಲಿ ಮಾತ್ರ ಆಸಾಮಿ ಅಷ್ಟು ಚುರುಕಲ್ಲ. ಅತ್ತಿಗೆ ಮೂವತ್ತು ವರ್ಷದಿಂದ ತಿರುಗಿಸುತ್ತಲೇ ಇದ್ದಾಳೆ, ಒಂದು ಸುತ್ತೂ ಸಡಿಲವಾಗಿಲ್ಲ.

ನಮ್ಮಿಬ್ಬರದೂ ಒಂದೇ ಅಂಗಡಿ. ಅಪ್ಪ ಬಿಟ್ಟುಹೋದದ್ದನ್ನು ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿಕೊಂಡೆವು. ಆ ಕಡೆ ಅವನ ಸೈಕಲ್ಲುಗಳು, ಈ ಕಡೆ ನನ್ನ ಹೊಲಿಗೆ ಯಂತ್ರ. ಹಲಗೆ ಸೂರಿನವರೆಗೆ ಹೋಗಿಲ್ಲವಾದ್ದರಿಂದ ಅವನ ಗ್ರೀಸಿನ ವಾಸನೆ ನನ್ನ ಬಟ್ಟೆಗೆ ಬರುತ್ತದೆ, ನನ್ನ ಬಾಯಿ ಅವನ ಕಿವಿಗೆ ಹೋಗುತ್ತದೆ. ನಮ್ಮ ಜಗಳಗಳೆಲ್ಲ ಒಬ್ಬರ ಮುಖ ಒಬ್ಬರು ನೋಡದೆಯೇ ನಡೆದಿವೆ. ಮುಖ ನೋಡಿದ್ದರೆ ಅರ್ಧ ಮಾತು ಆಡುತ್ತಿರಲಿಲ್ಲವೇನೋ.

ಅಪ್ಪ ಅವನಿಗೆ ಕಲಿಸಿದ್ದು ಎರಡೇ ಪಾಠ. ಒಂದು, ಮನುಷ್ಯ ಮುಚ್ಚಿದ್ದನ್ನು ಮನುಷ್ಯ ಬಿಚ್ಚಬಹುದು. ಎರಡು, ಬಿಚ್ಚಲಿಲ್ಲ ಅಂದರೆ ಬಲ ಹಾಕಬೇಡ, ಉಲ್ಟಾ ತಿರುಗಿಸಿ ನೋಡು. ಸೈಕಲ್ಲಿನಲ್ಲಿ ಕೆಲವು ತಿರುಪುಗಳು ನಾವು ದಿನಾ ನೋಡುವ ತಿರುಪುಗಳ ಹಾಗಲ್ಲ, ಎದುರು ದಿಕ್ಕಿಗೆ ಬಿಚ್ಚುತ್ತವೆ. ಎಡಗಡೆ ಪೆಡಲ್ ಹಾಗೆ. ಇದು ಗೊತ್ತಿಲ್ಲದವನು ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನಷ್ಟು ಬಿಗಿಯುತ್ತಾ ಇರುತ್ತಾನೆ. ಅಣ್ಣ ಈ ಪಾಠವನ್ನು ಜೀವನಕ್ಕೂ ಎಳೆದು ತಂದಿದ್ದ. ಡಬ್ಬಿಯ ಮುಚ್ಚಳ ಬರಲಿಲ್ಲವೇ, "ಉಲ್ಟಾ ಇರ್ಬೇಕು ನೋಡು." ಹೆಂಡತಿ ಮಾತು ಬಿಟ್ಟಳೇ, "ಉಲ್ಟಾ ತಿರುಗಿಸ್ಬೇಕು ಇವಳನ್ನ" ಎಂದು ತಾನೇ ಹೋಗಿ ಪಾತ್ರೆ ತೊಳೆದಿಡುತ್ತಿದ್ದ. ಕೆಲವು ಸಲ ಅದು ಕೆಲಸವನ್ನೂ ಮಾಡುತ್ತಿತ್ತು.

ಇನ್ನೊಂದು ಅಭ್ಯಾಸ ಹೇಳಬೇಕು. ಕೆಲಸ ಮುಗಿದ ಮೇಲೆ ಬಿಗಿ ಮಾಡಿದ ಒಂದೊಂದು ತಿರುಪಿನ ಮೇಲೂ ಹೆಬ್ಬೆರಳಿಟ್ಟು ಒತ್ತಿ ನೋಡುತ್ತಾನೆ. ಮುಟ್ಟಿದ್ದಕ್ಕೆಲ್ಲ ಒಂದೊಂದು "ಹ್ಞೂಂ" ಅನ್ನುತ್ತಾನೆ. ಹನ್ನೆರಡು ತಿರುಪಿದ್ದರೆ ಹನ್ನೆರಡು ಹ್ಞೂಂ. ಹಲಗೆಯ ಈಚೆ ಕೂತು ಅದನ್ನು ಕೇಳಿಸಿಕೊಂಡೇ ನಾನು ಮುದುಕಿಯಾದೆ. ಅವನ ಕೈಯಿಂದ ಒಂದು ತಿರುಪು ಸಡಿಲವಾಗಿ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ.

ಈಗೊಂದು ಏಳೆಂಟು ವರ್ಷದ ಹಿಂದೆ ಬೇರೆ ಜಾತಿಯ ಸೈಕಲ್ಲುಗಳು ಬರತೊಡಗಿದವು. ದಪ್ಪ ಕೊಳವೆ, ಹೊಳೆಯುವ ಬಣ್ಣ, ಮೈತುಂಬ ನಟ್ಟು ಬೋಲ್ಟು. ನೋಡಿದರೆ ಇದರಷ್ಟು ಬಿಚ್ಚಲು ಸುಲಭವಾದದ್ದು ಇನ್ನೊಂದಿಲ್ಲ ಅನಿಸಬೇಕು. ಒಂದರ ಮುಂದಿನ ಚಕ್ರ ಹಿಡಿದ ಕಾಲಿನ ಮೇಲೆ ನೀಲಿ ಗುಂಡಿ, ಸ್ಪ್ರಿಂಗು ಮೆತ್ತಗೆ ಬೇಕಾದರೆ ಆ ಕಡೆ, ಗಟ್ಟಿ ಬೇಕಾದರೆ ಈ ಕಡೆ ಅಂತ ಗುರುತು. ಅಣ್ಣ ಅದನ್ನು ಟಿಕ್ ಟಿಕ್ ಅಂತ ಒಂದು ಮಧ್ಯಾಹ್ನವೆಲ್ಲ ತಿರುಗಿಸಿದ. ಗುಂಡಿಯ ಕೆಳಗೆ ಏನೂ ಇರಲಿಲ್ಲ, ಟಿಕ್ ಅನ್ನಲು ಒಂದು ಪ್ಲಾಸ್ಟಿಕ್ ನಾಲಿಗೆ ಇತ್ತು, ಅಷ್ಟೆ. ಇನ್ನೊಂದರ ಬ್ರೇಕ್ ಹಿಡಿಯ ಮೇಲೆ ನಾಲ್ಕು ತಿರುಪಿನ ತಲೆಗಳಿದ್ದವು, ತಲೆಗೆ ಮೈ ಇರಲಿಲ್ಲ. ನಾನು ನಕ್ಕೆ. ಅಣ್ಣ ನಗಲಿಲ್ಲ. "ಅಂದಕ್ಕೆ ಹಾಕಿರ್ತಾರೆ" ಎಂದು ಅವರ ಪರವಾಗಿ ತಾನೇ ಸಮಾಧಾನ ಹೇಳಿದ. ಬಾಗಿಲಿಗೆ ಬರುವ ಸೈಕಲ್ಲುಗಳು ಕಮ್ಮಿಯಾದವು. ಬಂದವುಗಳಲ್ಲಿ ಅರ್ಧವನ್ನು ಹಾಗೇ ವಾಪಸ್ ಕಳಿಸಬೇಕಾಗುತ್ತಿತ್ತು.

ಅತ್ತಿಗೆ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬರುವಷ್ಟರಲ್ಲಿ ಅವಳ ಪಾದ ಊದಿ ಚಪ್ಪಲಿಗೆ ಹಿಡಿಸುವುದಿಲ್ಲ. ಟೈಲ್ಸ್ ಗೋದಾಮಿನ ಗೇಟು ಕಾಯುವ ಕೆಲಸ ಖಾಲಿ ಇದೆ ಎಂದು ಸುದ್ದಿ ತಂದವಳು ಅವಳೇ. "ನಾನಂತೂ ನಿಂತು ಸಾಯ್ತಿದೀನಿ, ನೀವಾದ್ರೂ ಕೂತು ಮಾಡಿ. ಹಗಲಿನ ಪಾಳಿ, ತಲೆ ಮೇಲೆ ಸೂರಿರುತ್ತೆ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಬೇಕಾಗಿಲ್ಲ. ಶನಿವಾರದೊಳಗೆ ಹೇಳಿ ಅಂದಿದಾರೆ." ಅಣ್ಣ ಆಗಲೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ನೋಡೋಣ" ಅಂದ. ಅವಳು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ನಾನೂ ಅವಳ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ, ಇನ್ನೂ ಜೋರಾಗಿ ಹೇಳುತ್ತಿದ್ದೆ.

ಅದೇ ವಾರದ ಸೋಮವಾರ ಪೇಪರಮ್ಮ ಸೈಕಲ್ ತಳ್ಳಿಕೊಂಡು ಬಂದಳು. ನಮ್ಮ ಕಡೆಯ ಆರು ಬೀದಿಗೆ ಬೆಳಿಗ್ಗೆ ದಿನಪತ್ರಿಕೆ ಹಾಕುವವಳು ಅವಳು. ಸೈಕಲ್ ಮಗಳು ಕೊಡಿಸಿದ್ದು, ತಂದು ಇನ್ನೂ ಹನ್ನೊಂದು ತಿಂಗಳು.

"ತುಳಿದ್ರೆ ಕಟ್ ಕಟ್ ಅನ್ನುತ್ತೆ ಬಿಚ್ಚಣ್ಣ. ನಡು ಮುರಿದವರ ಹಾಗೆ ಅಲ್ಲಾಡುತ್ತೆ."

"ಬಿಚ್ಚಿ ನೋಡೋಣ" ಎಂದ ಅಣ್ಣ.

ಎರಡು ಪೆಡಲ್‌ಗಳ ನಡುವೆ ಒಂದು ಅಚ್ಚು ಇರುತ್ತದೆ, ಅದು ಸೈಕಲ್ಲಿನ ಮೈಯಲ್ಲೇ ಇರುವ ಒಂದು ಗಿಡ್ಡ ಕೊಳವೆಯೊಳಗೆ ಗುಂಡುಗಳ ಮೇಲೆ ತಿರುಗುತ್ತದೆ. ಗುಂಡು ಸವೆದರೆ ಬದಲಾಯಿಸಬೇಕು. ಗುಂಡು ಕೈಗೆ ಸಿಗಬೇಕಾದರೆ ಕೊಳವೆಯ ಬಾಯಿಗೆ ಬಿಗಿದಿರುವ ಉಂಗುರವನ್ನು ತೆಗೆಯಬೇಕು. ಆ ಉಂಗುರಕ್ಕೆ ಅಣ್ಣ ಬಳೆ ಅನ್ನುತ್ತಾನೆ. ಪೇಪರಮ್ಮನ ಸೈಕಲ್ಲಿನ ಬಳೆ ನೋಡಲು ಚೆನ್ನಾಗಿತ್ತು. ಸ್ಪ್ಯಾನರ್ ಹಿಡಿಯಲು ಆರು ಕಚ್ಚು, ಸುತ್ತ ಕೂದಲೆಳೆಯಷ್ಟು ಗೆರೆ, ಮೇಲೊಂದು ಪುಟ್ಟ ಬಾಣದ ಗುರುತು. ಅಣ್ಣನಿಗೆ ಖುಷಿಯಾಯಿತು. "ಪರವಾಗಿಲ್ಲ ಕಣೇ, ಇದನ್ನ ಮಾಡಿದವನಿಗೆ ರಿಪೇರಿ ಮಾಡೋನ ನೆನಪಿತ್ತು" ಎಂದು ಹಲಗೆಯ ಮೇಲಿಂದ ನನಗೆ ಹೇಳಿದ.

ಆ ದಿನ ಬಳೆ ಬರಲಿಲ್ಲ. ಸೀಮೆಎಣ್ಣೆ ಬಿಟ್ಟು ನೆನೆಯಲು ಇಟ್ಟ. ಮಂಗಳವಾರ ಹಳೆಯ ಪೈಪಿನ ತುಂಡಿಗೆ ಆರು ಹಲ್ಲು ಅರದಿಂದ ಉಜ್ಜಿ, ಆ ಬಳೆಗೆಂದೇ ಒಂದು ಸ್ಪ್ಯಾನರ್ ಮಾಡಿಕೊಂಡ. ಕಚ್ಚಿಗೆ ಕೂತಿತು. ತಿರುಗಲಿಲ್ಲ. ಆಗ ಅವನಿಗೆ ಅಪ್ಪನ ಎರಡನೇ ಪಾಠ ನೆನಪಾಯಿತು.

"ಬಾಣ ಬಿಚ್ಚೋ ದಿಕ್ಕಾ, ಬಿಗಿಯೋ ದಿಕ್ಕಾ? ಉಲ್ಟಾ ಇರ್ಬೇಕು ಇದು."

ಗೊತ್ತಿಲ್ಲದವನಾಗಿದ್ದರೆ ಅರ್ಧ ಗಂಟೆ ಗುದ್ದಾಡಿ ಕೈ ಬಿಡುತ್ತಿದ್ದ. ಅಣ್ಣನಿಗೆ ಗೊತ್ತಿತ್ತು, ಅದೇ ತೊಂದರೆಯಾಯಿತು. ಬಲಕ್ಕೆ ಬರಲಿಲ್ಲ ಅಂದರೆ ಎಡಕ್ಕೆ, ಎಡಕ್ಕೆ ಬರಲಿಲ್ಲ ಅಂದರೆ, ಅಯ್ಯೋ ಇಷ್ಟು ಹೊತ್ತು ಬಿಗಿ ಮಾಡಿಬಿಟ್ಟೆನೇನೋ ಎಂದು ಮತ್ತೆ ಬಲಕ್ಕೆ. ಬುಧವಾರ ಬೆಂಕಿ ಹಿಡಿದು ಕಾಯಿಸಿದ. ಬಣ್ಣ ಸುಟ್ಟು ಅಂಗಡಿಯೆಲ್ಲ ಹೊಗೆಯಾಯಿತು. ಬಳೆ ಅಲ್ಲಾಡಲಿಲ್ಲ.

ಪೇಪರಮ್ಮ ದಿನಾ ಕಾಗದದ ಹೊರೆ ಹೆಗಲಿಗೆ ಹಾಕಿಕೊಂಡು ನಡೆದೇ ಆರು ಬೀದಿ ಸುತ್ತಿ, ಹೋಗುವಾಗ ಅಂಗಡಿಯೊಳಗೆ ಇಣುಕಿ "ಅವಸರ ಏನಿಲ್ಲ ಬಿಚ್ಚಣ್ಣ" ಎಂದು ಹೇಳಿ ಹೋಗುತ್ತಿದ್ದಳು. ಕುತ್ತಿಗೆ ಒಂದು ಕಡೆ ವಾಲಿರುತ್ತಿತ್ತು. ಅವಸರ ಏನಿಲ್ಲ ಅಂದಷ್ಟೂ ಅವನ ಮುಖ ಸಣ್ಣದಾಗುತ್ತಿತ್ತು. ಬುಧವಾರ ಸಂಜೆ ಅತ್ತಿಗೆ ಗೋದಾಮಿನ ವಿಷಯ ಎತ್ತಿದಾಗ ಅಣ್ಣ ಮೊದಲ ಸಲ ನೇರವಾಗಿ ಉತ್ತರ ಕೊಟ್ಟ. "ಇದೊಂದು ಬಿಚ್ಚಿದ್ರೆ ಅಂಗಡೀಲೇ ಇರ್ತೀನಿ. ಬಿಚ್ಚಲಿಲ್ಲ ಅಂದ್ರೆ ನನ್ನ ಕೈ ಮುಗೀತು ಅಂತ ಅರ್ಥ. ಸೋಮವಾರದಿಂದ ಗೇಟಿಗೆ ಹೋಗ್ತೀನಿ." ಅತ್ತಿಗೆ ನನ್ನ ಮುಖ ನೋಡಿದಳು. ಇಷ್ಟು ದೊಡ್ಡ ತೀರ್ಮಾನವನ್ನು ಯಾರಾದರೂ ಒಂದು ಬಳೆಗೆ ಬಿಡುತ್ತಾರೆಯೇ? ನನ್ನ ಅಣ್ಣ ಬಿಟ್ಟ.

ಗುರುವಾರದ್ದು ಹೇಳಲು ನನಗೆ ನಾಚಿಕೆ. ಶಾಲೆಯ ಮೂವತ್ತಾರು ಸಮವಸ್ತ್ರ ಶುಕ್ರವಾರಕ್ಕೆ ಕೊಡಬೇಕಿತ್ತು. ಬೆಳಿಗ್ಗೆಯಿಂದ ಎರಡು ಸೂಜಿ ಮುರಿದಿದ್ದವು. ಹಲಗೆಯ ಆಚೆಯಿಂದ ಸುತ್ತಿಗೆಯ ಸದ್ದು ಒಂದೇ ಸಮನೆ ತಲೆಗೆ ಬಡಿಯುತ್ತಿತ್ತು. ಸದ್ದು ನಿಂತು ಅಣ್ಣನ ಧ್ವನಿ ಬಂತು.

"ಇದರಲ್ಲೇ ಏನೋ ಮೋಸ ಇದೆ ಕಣೇ. ನಾನು ಇಂಥದ್ದು ನೋಡೇ ಇಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ನಮ್ಮ ದಿನನಿತ್ಯದ ಕೀಟಲೆಯಾಗುತ್ತಿತ್ತು. ನಾಲಿಗೆಗೆ ಎಲುಬಿಲ್ಲ. "ವಯಸ್ಸಾಯ್ತು ಅಣ್ಣಾ. ಕೈಯಲ್ಲಿ ಬಲ ಇಲ್ಲ ಅಂತ ಒಪ್ಕೊಂಡ್‌ಬಿಡು, ನಮಗೂ ಸ್ವಲ್ಪ ನೆಮ್ಮದಿ."

ಅವನು ಸುತ್ತಿಗೆಯನ್ನು ಯಾವಾಗಲೂ ಕಬ್ಬಿಣದ ತಟ್ಟೆಗೆ ಎಸೆಯುತ್ತಾನೆ, ಅವತ್ತು ಸದ್ದಾಗದ ಹಾಗೆ ಇಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಾನೇ ಊರಿಗೆಲ್ಲ ಹೇಳುವವಳು. ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಸಮವಸ್ತ್ರ ಮುಗಿಯಲಿ ಅಂದುಕೊಂಡೆ.

ಶನಿವಾರ ಮಧ್ಯಾಹ್ನ ಪೇಪರಮ್ಮ ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಕೈ ತೊಳೆದುಕೊಂಡಿದ್ದ. ಹಗಲು ಹೊತ್ತಿನಲ್ಲಿ ಅವನ ಬೆರಳುಗಳ ನಿಜವಾದ ಬಣ್ಣವನ್ನು ನಾನು ನೋಡಿದ್ದು ಅಪರೂಪ.

"ನನ್ನಿಂದ ಆಗ್ಲಿಲ್ಲ ತಾಯಿ. ಕಂಪನಿಯವರನ್ನೂ ಕೇಳಿಸಿದೆ, ಆ ಭಾಗ ಬಿಡಿಯಾಗಿ ಕೊಡಲ್ವಂತೆ. ನನ್ನ ಸೈಕಲ್ ತಗೊಂಡು ಹೋಗು. ಹಳೇದು, ಆದ್ರೆ ಎಲ್ಲಾ ಬಿಚ್ಚುತ್ತೆ."

"ನಿಮಗೆ ಬೇಡ್ವಾ ಬಿಚ್ಚಣ್ಣ?"

"ಗೋದಾಮು ಹತ್ರಾನೇ. ನಡ್ಕೊಂಡು ಹೋಗ್ತೀನಿ."

ಅವಳು ಬೇಡ ಬೇಡ ಎನ್ನುತ್ತಲೇ ಸೀಟಿನ ಎತ್ತರ ತಗ್ಗಿಸಿಕೊಂಡಳು. ಬೆಳಿಗ್ಗೆ ಆರು ಬೀದಿ ನಡೆಯುವವಳಿಗೆ ಎಷ್ಟು ಹೊತ್ತು ಬೇಡ ಅನ್ನಲು ಆಗುತ್ತದೆ? ಅವಳ ಹೊಳೆಯುವ ಸೈಕಲ್ ಅಂಗಡಿಯ ಮೂಲೆಯಲ್ಲಿ ಉಳಿಯಿತು.

ಸೋಮವಾರದಿಂದ ಹಲಗೆಯ ಆಚೆ ಸದ್ದಿಲ್ಲ. ಗ್ರೀಸಿನ ವಾಸನೆ ಮಾತ್ರ ಇತ್ತು, ಅದೂ ದಿನೇ ದಿನೇ ಕಮ್ಮಿಯಾಗುತ್ತಿತ್ತು. ಸದ್ದಿಲ್ಲದಿದ್ದರೆ ಎಷ್ಟು ಹೊಲಿಯಬಹುದು ಅಂತ ಹಿಂದೆ ಎಷ್ಟೋ ಸಲ ಲೆಕ್ಕ ಹಾಕಿದ್ದೆ. ಈಗ ಸುಮ್ಮನೆ ಕಾಲು ಪೆಡಲಿನ ಮೇಲಿಟ್ಟು ಕೂತಿರುತ್ತಿದ್ದೆ. ಅತ್ತಿಗೆ ಸಂಜೆ ಬಂದು "ಚೆನ್ನಾಗೇ ಇದಾರೆ. ಊಟ ಮಾಡ್ತಾರೆ, ಮಲಗ್ತಾರೆ. ಮಾತು ಮೊದಲೇ ಕಮ್ಮಿ" ಎನ್ನುತ್ತಿದ್ದಳು. ಅವಳ ಧ್ವನಿಯಲ್ಲೂ ಗೆದ್ದ ಸಂತೋಷ ಇರಲಿಲ್ಲ.

ಮೂರನೇ ವಾರ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದು, ಮೂಲೆಯಲ್ಲಿದ್ದ ಸೈಕಲ್ ಕೊಡುತ್ತೀರಾ ಅಂದ. ಪೇಪರಮ್ಮ ಅದನ್ನು ಏನು ಬೇಕಾದರೂ ಮಾಡಿ ಅಂದಿದ್ದಳು. ನನಗೆ ಆ ಸೈಕಲ್ಲಿನ ಮೇಲೆ ಇದ್ದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಕೊಡ್ತೀನಿ. ಆದ್ರೆ ಮೊದಲು ಈ ಬಳೆ ತೆಗೆದುಕೊಡು. ಆರು ದಿನ ನನ್ನ ಅಣ್ಣನ ಜೀವ ತಿಂದಿದೆ ಇದು."

ಅವನು ಬಗ್ಗಿ ನೋಡಿದ. ಸುಟ್ಟ ಬಣ್ಣ, ಉಳಿಯ ಗಾಯ, ಸವೆದುಹೋದ ಕಚ್ಚು. ಅವನ ಮುಖದಲ್ಲಿ ನಗು ಬಂದು, ನನ್ನನ್ನು ನೋಡಿ ಹೋಯಿತು.

"ಇದು ಬಿಚ್ಚೋದಲ್ಲಮ್ಮಾ. ಬಿಚ್ಚೋ ಹಾಗೆ ಕಾಣೋದು. ನಮ್ಮಲ್ಲಿಗೆ ದಿನಾ ನಾಲ್ಕೈದು ಬರುತ್ತೆ ಇಂಥವು."

"ಹಾಗಂದ್ರೆ?"

"ಬನ್ನಿ, ಕೊಯ್ದು ತೋರಿಸ್ತೀನಿ."

ಅವನ ಗುಜರಿ ಅಂಗಳದಲ್ಲಿ ಕೊಯ್ಯುವ ಯಂತ್ರ ಕಿಡಿ ಹಾರಿಸುತ್ತಾ ಬಳೆಯ ನಡುವೆ ಇಳಿಯಿತು. ಎರಡು ತುಂಡಾದ ಮೇಲೆ ಒಂದನ್ನು ನನ್ನ ಅಂಗೈಗೆ ಹಾಕಿದ. ಇನ್ನೂ ಬಿಸಿಯಿತ್ತು. ಬಳೆ ಎಲ್ಲಿ ಮುಗಿಯಿತು, ಕೊಳವೆ ಎಲ್ಲಿ ಶುರುವಾಯಿತು ಎನ್ನುವ ಗೆರೆಯೇ ಇರಲಿಲ್ಲ. ಎಲ್ಲಾ ಒಂದೇ ಲೋಹ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಮೇಲಿನಿಂದ ಕೂದಲೆಳೆಯಷ್ಟು ಗೆರೆ ಕೊರೆದು, ಆರು ಕಚ್ಚು ಮಾಡಿ, ಬಾಣ ಬರೆದಿದ್ದರು. ತಿರುಪೇ ಇಲ್ಲದ ಮೇಲೆ ಉಲ್ಟಾ ಎಲ್ಲಿ ಬಂತು, ಸೀದಾ ಎಲ್ಲಿ ಬಂತು?

ನೆಲ ನಿಜವಾಗಿಯೂ ಡೊಂಕಾಗಿತ್ತು. ಗುಜರಿಯವನ ಮುಂದೆ ಅಳಬಾರದು ಅಂತ ಅವನನ್ನೇ ಬೈದೆ. "ಗೊತ್ತಿದ್ರೆ ಬಂದು ಹೇಳೋಕೇನಾಗಿತ್ತು ನಿಂಗೆ?"

"ಬಿಚ್ಚಣ್ಣನಿಗೆ ಗೊತ್ತಿಲ್ದೇ ಇರೋದು ನನಗೆ ಗೊತ್ತಿರುತ್ತೆ ಅಂತ ನಾನು ಹೇಗೆ ಅಂದ್ಕೊಳ್ಳಲಿ?" ಎಂದ ಆ ಪುಣ್ಯಾತ್ಮ.

ಅಂಗಡಿಗೆ ಬೀಗ ಹಾಕಿ ನೇರವಾಗಿ ಗೋದಾಮಿಗೆ ಹೋದೆ. ಗೇಟಿನ ಪಕ್ಕ ತಗಡಿನ ಗೂಡು, ಅದರೊಳಗೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅಣ್ಣ. ಒಗೆದ ಅಂಗಿ, ಬಿಳಿ ಕೈ. ಯಾರೋ ನೆಂಟರ ಮನೆಯಲ್ಲಿ ಕೂತವನ ಹಾಗೆ ಕೂತಿದ್ದ. ನಾನು ತುಂಡನ್ನು ಅವನ ಕೈಗಿಟ್ಟೆ.

ಅವನು ಕೊಯ್ದ ಮುಖದ ಮೇಲೆ ಹೆಬ್ಬೆರಳು ಆಡಿಸಿದ. ಗೆರೆಗಾಗಿ ಹುಡುಕಿದ. ಬೆಳಕಿಗೆ ಹಿಡಿದ. ಮತ್ತೆ ಹೆಬ್ಬೆರಳು ಆಡಿಸಿದ.

"ಥ್ರೆಡ್ಡೇ ಇಲ್ಲ" ಎಂದ.

"ಇಲ್ಲ ಅಣ್ಣ. ನಿನ್ನ ಕೈ ಸರಿಯಾಗೇ ಇತ್ತು. ಅವತ್ತು ನಾನು ಆಡಿದ್ದು ತಪ್ಪು. ಬಾಯಿಗೆ ಬಂದಿದ್ದು ಅಂದ್‌ಬಿಟ್ಟೆ, ಅವತ್ತಿಂದ ನನಗೆ ನಿದ್ದೆ ಇಲ್ಲ."

ಅವನು ತುಂಡನ್ನು ಇನ್ನೊಂದು ಸಲ ತಿರುಗಿಸಿ ನೋಡಿದ. "ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ ಬಿಡು" ಎಂದ ಕೊನೆಗೆ. "ಇದನ್ನ ಯಾರೂ ಮುಚ್ಚೇ ಇರಲಿಲ್ಲ."

"ಹಾಗಾದ್ರೆ ಬಾ. ನಾಳೆಯಿಂದ ಅಂಗಡಿ ತೆಗಿ."

"ತೆಗೆದು?" ಅವನ ಧ್ವನಿಯಲ್ಲಿ ಕೋಪ ಇರಲಿಲ್ಲ, ಸುಸ್ತಿತ್ತು. "ನಿನಗೆ ಅರ್ಥ ಆಗಲ್ಲ ಕಣೇ. ಕೈ ಹೋಯ್ತು ಅಂದ್ಕೊಂಡು ಇಲ್ಲಿ ಕೂತಿದ್ದೆ. ವಯಸ್ಸಾದ್ಮೇಲೆ ಎಲ್ಲರಿಗೂ ಹೋಗುತ್ತೆ, ನನಗೂ ಹೋಯ್ತು ಅಂತ ಸಮಾಧಾನ ಇತ್ತು. ಈಗ ಕೈ ಇದೆ ಅಂತ ಬಂದು ಹೇಳ್ತಿದೀಯ. ಇಟ್ಕೊಂಡು ಏನು ಮಾಡ್ಲಿ? ಬರೋದೆಲ್ಲ ಇಂಥದ್ದೇ. ಬಿಚ್ಚೋಕೆ ಏನು ಉಳಿದಿದೆ?"

ಒಳ್ಳೆಯ ಸುದ್ದಿ ಅಂತ ಓಡಿ ಬಂದಿದ್ದೆ. ಅವನ ಹತ್ತಿರ ಇದ್ದ ಚೂರು ನೆಮ್ಮದಿಯನ್ನೂ ಕಿತ್ತುಕೊಂಡ ಹಾಗಾಯಿತು. ಹೊರಗೆ ಲಾರಿ ಹಾರನ್ ಹೊಡೆಯಿತು. ಅವನು ಏಳುವ ಮೊದಲು ಕುರ್ಚಿಯ ಕೈ ತೋರಿಸಿದ. ಅಲ್ಲಿ ಪ್ಲಾಸ್ಟಿಕ್ಕಿನಲ್ಲೇ ಮೂಡಿಸಿದ ಒಂದು ತಿರುಪಿನ ತಲೆ, ಅದರ ಗೀರು ಕೆರೆದು ಕೆರೆದು ಬೆಳ್ಳಗಾಗಿತ್ತು.

"ಕುರ್ಚಿ ಅಲ್ಲಾಡುತ್ತೆ ಅಂತ ನಾಣ್ಯ ಹಾಕಿ ನಾಲ್ಕು ದಿನ ತಿರುಗಿಸ್ದೆ" ಎಂದ. "ಉಲ್ಟಾನೂ ನೋಡ್ದೆ." ನಗಬೇಕೆಂದು ಇಬ್ಬರೂ ಪ್ರಯತ್ನಪಟ್ಟೆವು. ಅವನು ಗೇಟು ತೆಗೆಯಲು ಹೋದ.

ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ನನ್ನ ಹೊಲಿಗೆ ಯಂತ್ರ ಅಮ್ಮನದು. ಕಪ್ಪು ಮೈ, ಎರಕದ ಕಾಲು, ತಲೆಯಿಂದ ಪಾದದವರೆಗೆ ನಿಜವಾದ ತಿರುಪುಗಳು. ಅತ್ತಿಗೆಯ ಕೈಲಿ ಹೇಳಿ ಕಳಿಸಿದೆ: ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ, ಭಾನುವಾರ ರಜೆಯಲ್ಲವೇ, ಬಂದು ನೋಡಿ ಹೋಗಲಿ. ಹೊಲಿಗೆ ಹಗ್ಗ ಹಿಡಿದು ಎಳೆದ ಹಾಗೆ ನೇರವಾಗಿ ಬೀಳುತ್ತಿತ್ತು. ಅತ್ತಿಗೆಗೂ ಗೊತ್ತಿತ್ತು. ಅವಳು ಏನೂ ಕೇಳದೆ ಹೋಗಿ ಹೇಳಿದಳು.

ಅಣ್ಣ ಬಂದ. ಹಳೆಯ ಅಂಗಿ ಹಾಕಿಕೊಂಡು ಬಂದಿದ್ದ. ಯಂತ್ರದ ಮುಂದೆ ನಿಂತು, ಅಭ್ಯಾಸಬಲದಿಂದ "ಬಿಚ್ಚಿ ನೋಡೋಣ" ಎಂದು ತಾನೇ ಒಂದು ಕ್ಷಣ ಬಾಯಿ ಮುಚ್ಚಿಕೊಂಡ. ನೆಲದ ಮೇಲೆ ಹಳೆಯ ಪೇಪರ್ ಹಾಸಿ ಒಂದೊಂದೇ ಭಾಗ ತೆಗೆದು ಸಾಲಾಗಿ ಇಡುತ್ತಾ ಹೋದ. ಎರಡು ಗಂಟೆ ಹೊತ್ತು ಅಂಗಡಿಯಲ್ಲಿ ತಿರುಪು ಸಡಿಲವಾಗುವ ಸದ್ದು, ಬಟ್ಟೆಯಿಂದ ಒರೆಸುವ ಸದ್ದು, ಎಣ್ಣೆಯ ವಾಸನೆ. ನಾನು ಗುಂಡಿ ಹೊಲಿಯುವ ನೆಪದಲ್ಲಿ ಕೂತು ಅವನ ಬೆರಳು ನೋಡುತ್ತಿದ್ದೆ. ಅವು ಮತ್ತೆ ಕಪ್ಪಾಗಿದ್ದವು.

"ಏನೂ ಆಗಿಲ್ಲ ಇದಕ್ಕೆ" ಎಂದ, ತಲೆ ಎತ್ತದೆ.

"ಹೌದಾ? ನಿನ್ನೆ ಬಿಡ್ತಿತ್ತಪ್ಪ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ."

ಮತ್ತೆ ಜೋಡಿಸಿದ. ಹೆಬ್ಬೆರಳಿಟ್ಟು ಒಂದೊಂದಕ್ಕೂ ಹ್ಞೂಂ ಎಂದ. ನಾನು ಎಣಿಸಲಿಲ್ಲ, ಎಣಿಸಬೇಕಾದ ಕಾಲ ಎಂದೂ ಬಂದಿರಲಿಲ್ಲ. ಒಂದು ಚೂರು ಬಟ್ಟೆ ಇಟ್ಟು ಹೊಲಿದು ತೋರಿಸಿ, ಕೈ ಒರೆಸಿಕೊಂಡು ಹೋದ.

ಮಂಗಳವಾರ ಒಂದು ಪರದೆಯ ಅಂಚು ಹೊಲಿಯುತ್ತಿದ್ದೆ. ಹೊಲಿಗೆ ತಪ್ಪಿತು. ನಾಲ್ಕು ಬಿದ್ದು ಒಂದು ಬಿಟ್ಟಿತು, ಆಮೇಲೆ ಎರಡು ಬಿದ್ದು ಎರಡು ಬಿಟ್ಟಿತು. ನೂಲು ಬದಲಾಯಿಸಿದೆ, ಸೂಜಿ ಬದಲಾಯಿಸಿದೆ. ಕೊನೆಗೆ ಯಂತ್ರವನ್ನು ಹಿಂದಕ್ಕೆ ಮಗುಚಿ ಕೆಳಗೆ ನೋಡಿದೆ. ಬಾಬಿನ್ ಕೂರುವ ಜಾಗವನ್ನು ಹಿಡಿದಿರುವ ತಿರುಪು ಸಡಿಲವಾಗಿತ್ತು. ತಾನಾಗಿ ಸಡಿಲವಾದದ್ದಲ್ಲ. ಒಂದೂವರೆ ಸುತ್ತು, ಅಳೆದು ಬಿಟ್ಟ ಹಾಗೆ ಅಣ್ಣ ಬಿಟ್ಟಿದ್ದ. ಸೋಮವಾರ ಒಂದು ದಿನ ಹೊಲಿಯಲಿ, ಆಮೇಲೆ ಕೆಡಲಿ ಅನ್ನುವಷ್ಟು.

ಸ್ಕ್ರೂಡ್ರೈವರ್ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಒಂದು ನಿಮಿಷದ ಕೆಲಸ. ಖಾನೆ ಮುಚ್ಚಿ, ಅತ್ತಿಗೆಯ ಕೈಲಿ ಹೇಳಿ ಕಳಿಸಿದೆ, ಯಂತ್ರ ಮತ್ತೆ ಕೆಟ್ಟಿದೆಯಂತೆ ಅಂತ. ಭಾನುವಾರದವರೆಗೆ ಪರದೆಯ ಅಂಚನ್ನು ಕೈಯಲ್ಲೇ ಹೊಲಿದೆ.